ರಾಜಕೋಟ್‌ನಲ್ಲಿ ಮಧ್ಯಾಹ್ನಕ್ಕೇ ಇಳಿಯುತ್ತಿದ್ದ ಚಾರ್ಜು

ಬಂದ ಮೊದಲ ದಿನ ಬಾಗಿಲಿಗೆ ಒಂದು ಬೀಗ ಕೊಳ್ಳೋಣವೆಂದು ನಾನೂ ನಮ್ಮ ಮನೆಯವರೂ ರಾಜಕೋಟ್‌ನ ಪೇಟೆಗೆ ಇಳಿದರೆ, ಮಟಮಟ ಮಧ್ಯಾಹ್ನ ಊರಿಗೆ ಊರೇ ಕದ ಹಾಕಿಕೊಂಡಿತ್ತು. ಕಿರಾಣಿ ಅಂಗಡಿ ಇಲ್ಲ, ಹಾರ್ಡ್‌ವೇರ್ ಅಂಗಡಿ ಇಲ್ಲ, ಚಹಾ ಮಾರುವವನೂ ಇಲ್ಲ. ನಮ್ಮ ರಾಮದುರ್ಗದಲ್ಲಿ ಹೀಗೆ ಸಾಲಾಗಿ ಶಟರ್ ಇಳಿದಿದ್ದರೆ ಯಾರೋ ದೊಡ್ಡವರು ತೀರಿಕೊಂಡರು ಎಂದೇ ಅರ್ಥ. ನಾನು ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ಯಾರ ಹೋದ್ರಂತ ಕೇಳ್ರಿ" ಎಂದೆ. ತಳ್ಳುಗಾಡಿಯ ಮೇಲೆ ಮಲಗಿದ್ದವನನ್ನು ಇವರು ಎಬ್ಬಿಸಿ ಕೇಳಿದರೆ, ಅವನು ಅರೆಗಣ್ಣು ತೆರೆದು "ಬಪೋರ್" ಎಂದು ಹೇಳಿ ಮತ್ತೆ ಮಗ್ಗುಲಾದ. ಬಪೋರ್ ಎಂದರೆ ಮಧ್ಯಾಹ್ನ. ಯಾರೂ ಸತ್ತಿರಲಿಲ್ಲ, ಎಲ್ಲರೂ ಉಂಡು ಮಲಗಿದ್ದರು.

ರಾಜಕೋಟ್ ಮಧ್ಯಾಹ್ನ ಒಂದಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತದೆ. ಇದು ಸೋಮಾರಿತನವಲ್ಲ, ಇಲ್ಲಿಯ ನಡಾವಳಿ. ನಮ್ಮ ಸಂತೆಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿದವನ ಬುಟ್ಟಿಯಲ್ಲಿ ಸಂಜೆಗೆ ಒಂದು ಬದನೆಕಾಯಿ ಉಳಿಯುವುದಿಲ್ಲ. ಇಲ್ಲಿ ಸೈಕಲ್ಲಿಗೆ ಬೀಗ ಹಾಕದೆ ಮಲಗುತ್ತಾರೆ. ನಮ್ಮ ಮನೆಯವರು ಈರಣ್ಣ, ಬೆಳಗಾವಿಯ ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ ಕಲಿತವರು. ಪಂಪ್‌ಸೆಟ್ಟಿನ ಎರಕಕ್ಕೆ ಜನ ಬೇಕೆಂದು ಇಲ್ಲಿಯ ಒಂದು ಫೌಂಡ್ರಿ ಕರೆಯಿತು, ಬಂದೆವು. ಅವರಿಗೆ ಮಧ್ಯಾಹ್ನವೂ ಕುಲುಮೆ. ಮಲಗಿದ ಊರಿನಲ್ಲಿ ಎಚ್ಚರವಾಗಿ ಉಳಿದವಳು ನಾನೊಬ್ಬಳು.

ಮನೆ ಸಿಕ್ಕಿದ್ದು ಹಂಸಾಬೆನ್ ಅವರ ಮಹಡಿಯ ಮೇಲೆ. ಹಂಸಾಬೆನ್ ವಿಧವೆ, ನನಗಿಂತ ಹತ್ತು ವರ್ಷ ಹಿರಿಯರು, ಕರಾರು ಒಂದೇ: ಮಾಂಸ ಬೇಯಿಸಬಾರದು. ಅದಕ್ಕೇನು, ನಾವು ಲಿಂಗಾಯತರು ಎಂದೆ. ಆದರೆ ನಾನು ಬಳ್ಳೊಳ್ಳಿ ಚಟ್ನಿ ಕುಟ್ಟಿದ ದಿನ ಅವರು ಮೂಗಿಗೆ ಸೆರಗು ಹಿಡಿದು ಮೇಲೆ ಬಂದರು, ಮಾಂಸಕ್ಕಿಂತ ದೊಡ್ಡ ಅಪರಾಧ ನಡೆದ ಹಾಗೆ. ನಾನೂ ಏನು ಕಡಿಮೆಯೇ, ಅವರು ಕಳಿಸಿದ ಬೇಳೆಯಲ್ಲಿ ಸಕ್ಕರೆ ಕಂಡು ಪಾಯಸವೆಂದು ತಿಳಿದು ಊಟದ ಕೊನೆಗೆ ಎತ್ತಿಟ್ಟಿದ್ದೆ. ನಮ್ಮಿಬ್ಬರಿಗೆ ರಾಜಿಯಾದದ್ದು ಶೇಂಗಾದಿಂದ. ಇಲ್ಲಿ ಅದಕ್ಕೆ ಸಿಂಗ್ ಅನ್ನುತ್ತಾರೆ, ಎಲ್ಲಿ ನೋಡಿದರೂ ಅದೇ ಬೆಳೆ. ಒಂದು ದಿನ ಶೇಂಗಾ ಹೋಳಿಗೆ ಮಾಡಿ ಕೆಳಗೆ ಒಯ್ದೆ. ತಿಂದು, ಬೆರಳು ನೆಕ್ಕಿ, "ಚಾಲ್‌ಶೆ" ಎಂದರು. ನಡೆಯುತ್ತದೆ, ಪರವಾಗಿಲ್ಲ ಎಂದು ಅದರ ಅರ್ಥ. ಇಲ್ಲಿಯವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆಯೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಅಷ್ಟಾದರೂ ಮಧ್ಯಾಹ್ನಗಳು ಸರಿಯುತ್ತಿರಲಿಲ್ಲ. ಹಂಸಾಬೆನ್ ಮಲಗುತ್ತಿದ್ದರು, ಬೀದಿ ಮಲಗುತ್ತಿತ್ತು, ನಾನು ಫೋನು ಹಿಡಿದು ಕೂತು ನನ್ನ ಹೊಲ ನೋಡುತ್ತಿದ್ದೆ.

ಹೊಲದ ಮಾತು ಹೇಳಬೇಕು. ಅಪ್ಪನಿಗೆ ನಾನೊಬ್ಬಳೇ ಮಗಳು. ಅವರು ಹೋಗುವಾಗ ಸಾಲಹಳ್ಳಿಗೆ ಹೋಗುವ ದಾರಿಯ ಕಪ್ಪು ಎರೆಮಣ್ಣಿನ ಹೊಲ ನನ್ನ ಹೆಸರಿಗೆ ಬಂತು. ಅದನ್ನು ಪಾಲಿಗೆ ಮಾಡುತ್ತಿದ್ದವಳು ನೀಲವ್ವ, ಅವಳ ಗಂಡ ಮಲ್ಲಪ್ಪ. ನೆಲ ನನ್ನದು, ದುಡಿಮೆ ಅವರದು, ಬಂದದ್ದರಲ್ಲಿ ಇಬ್ಬರಿಗೂ ಪಾಲು, ಮಾತು ಯುಗಾದಿಯಿಂದ ಯುಗಾದಿಗೆ. ನೀಲವ್ವ ನನಗೆ ಬರೀ ಪಾಲುದಾರಳಲ್ಲ. ಒಂದೇ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತವರು, ಒಬ್ಬರ ಜಡೆಯಲ್ಲಿ ಇನ್ನೊಬ್ಬರು ಹೇನು ನೋಡಿದವರು ನಾವು. ನಾನು ರಾಜಕೋಟ್‌ಗೆ ಹೊರಟಾಗ ರಾಮದುರ್ಗದ ಬಸ್ ನಿಲ್ದಾಣಕ್ಕೆ ಬಂದು, ಬುತ್ತಿ ಗಂಟು ಕೈಗಿಟ್ಟು, "ಹೊಲದ ಚಿಂತಿ ಬಿಡ ನೀ. ಮೊದಲ ಅಲ್ಲಿ ಬಾಯಿ ತಗದ ಮಾತಾಡೂದ ಕಲಿ, ಇಲ್ಲಂದ್ರ ಮೂಕಿ ಅಂತ ತಿಳೀತಾರ" ಎಂದು ನಗಿಸಿ ಕಳಿಸಿದವಳು.

ಕ್ಯಾಮರಾ ಹಾಕಿಸಿದ್ದು ಕಳ್ಳರಿಗಾಗಿ. ಪಕ್ಕದ ಹೊಲದಲ್ಲಿ ಬೋರಿನ ಕೇಬಲ್ ಕತ್ತರಿಸಿಕೊಂಡು ಹೋಗಿದ್ದರು. ಈಗ ನಮ್ಮ ಕಡೆ ಹೊಲದ ಕಂಬಗಳ ಮೇಲೆಲ್ಲ ಸಿಮ್ ಹಾಕುವ ಕ್ಯಾಮರಾಗಳು ಬಂದಿವೆ, ತಲೆಯ ಮೇಲೆ ಒಂದು ಸೋಲಾರ್ ಹಲಗೆ. ಬೆಳಗಾವಿಯ ನಮ್ಮ ಸೋದರಮಾವ ಹೇಳಿದ್ದ, "ತಂಗಿ, ಕಣ್ಣ ಮುಂದಿಲ್ಲದ ಹೊಲ ಕೈಯಾಗ ಉಳಿಯೂದಿಲ್ಲ." ನಾನು ನೀಲವ್ವನಿಗೆ ಕಳ್ಳರ ಮಾತಷ್ಟೇ ಹೇಳಿದೆ, ಮಾವನ ಮಾತು ಹೇಳಲಿಲ್ಲ.

ಮೊದಮೊದಲು ಅದರಲ್ಲಿ ನೋಡಿದ್ದು ಊರಿನ ನೆನಪಿಗೇ, ಸುಳ್ಳಲ್ಲ. ಬೇವಿನ ಮರ, ಅದರ ಕೆಳಗೆ ನೀಲವ್ವನ ನೀರಿನ ಕೊಡ, ದೂರದಲ್ಲಿ ತೊರಗಲ್ ಕೋಟೆಯ ಗುಡ್ಡದ ಗೆರೆ. ಬೆರಳು ಸರಿಸಿದರೆ ಕ್ಯಾಮರಾ ಆ ಕಡೆ ಈ ಕಡೆ ತಿರುಗುತ್ತಿತ್ತು. ಹೊಲದ ಸುತ್ತ ಒಂದು ಸುತ್ತು ಹಾಕಿ ಬಂದ ಹಾಗೆ ಆಗುತ್ತಿತ್ತು, ಎದೆ ತಣ್ಣಗಾಗುತ್ತಿತ್ತು. ಆದರೆ ನೋಡುತ್ತ ನೋಡುತ್ತ ನನ್ನ ಕಣ್ಣು ಬದಲಾಯಿತು. ಇವತ್ತು ಇನ್ನೂ ಎಡೆ ಹೊಡೆದು ಕಳೆ ತೆಗೆದಿಲ್ಲವಲ್ಲ ಅನ್ನಿಸತೊಡಗಿತು. ನೀಲವ್ವ ಮರದ ಕೆಳಗೆ ಕೂತು ಎಷ್ಟು ಹೊತ್ತಾಯಿತು ಅನ್ನಿಸಿತು. ಮೋಟರ್ ಸೈಕಲ್ಲಿನಲ್ಲಿ ಬಂದವನು ಯಾರು, ಚೀಲದಲ್ಲಿ ಏನು ಒಯ್ದ ಅನ್ನಿಸಿತು. ಅವನು ಅವಳ ಅಣ್ಣ, ಒಯ್ದದ್ದು ದನಕ್ಕೆ ಒಂದು ಹೊರೆ ಹುಲ್ಲು. ಇಷ್ಟು ದೂರ ಕೂತು, ಉಂಡ ತಾಟನ್ನೂ ತೊಳೆಯದೆ, ನಾನು ನನ್ನ ಗೆಳತಿಯ ವಿಶ್ರಾಂತಿಯನ್ನು ಲೆಕ್ಕ ಹಾಕುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಮರುದಿನ ಮತ್ತೆ ನೋಡುತ್ತಿದ್ದೆ.

ಶ್ರಾವಣದ ಹೊತ್ತಿಗೆ ನನ್ನ ಫೋನಿಗೆ ರೋಗ ಹಿಡಿಯಿತು. ಬೆಳಿಗ್ಗೆ ತುಂಬಿಟ್ಟ ಚಾರ್ಜು ಮೂರು ಗಂಟೆಗೆಲ್ಲ ತಳ ಕಾಣುತ್ತಿತ್ತು, ಹಿಡಿದರೆ ಹಂಚಿನ ಮೇಲಿಂದ ಆಗಷ್ಟೇ ತೆಗೆದ ರೊಟ್ಟಿಯ ಬಿಸಿ. ಒಂದು ದಿನ ಹಳೆಯ ಪೇಟೆಗೆ ಒಬ್ಬಳೇ ಹೋದಾಗ ದಾರಿ ತೋರಿಸುತ್ತಿದ್ದ ಫೋನು ಗಲ್ಲಿಯ ನಡುವೆ ಕಣ್ಣು ಮುಚ್ಚಿತು. ಮಧ್ಯಾಹ್ನ ಬೇರೆ. ಕೇಳೋಣವೆಂದರೆ ಎಲ್ಲ ಬಾಗಿಲೂ ಬಂದ್, ನನ್ನ ಮನೆಯ ವಿಳಾಸ ಇದ್ದದ್ದೂ ಫೋನಿನೊಳಗೇ. ಒಂದು ಗುಡಿಯ ಕಟ್ಟೆಯ ಮೇಲೆ ಊರು ಏಳುವವರೆಗೆ ಕೂತೆ. ಸಂಜೆ ಇವರು, "ಬ್ಯಾಟ್ರಿ ಮುಗದಿರಬೇಕು, ಹೊಸಾದ ತಗೊಳ್ಳೂನು ಬಿಡು" ಎಂದರು. ಹಳೆಯದರ ರೋಗ ತಿಳಿಯದೆ ಹೊಸದನ್ನು ತರುವುದು ನನ್ನ ಜಾಯಮಾನವಲ್ಲ.

ನಾನೇ ಹುಡುಕಲು ಕೂತೆ. ಪರದೆಯ ಬೆಳಕು ಪೂರ್ತಿ ಇತ್ತು, ಇಳಿಸಿದೆ. ಪರದೆ ತಾನಾಗಿ ಆರುವುದಕ್ಕೆ ಐದು ನಿಮಿಷ ಹಿಡಿಯುತ್ತಿತ್ತು, ಅರ್ಧ ನಿಮಿಷಕ್ಕೆ ತಂದೆ. ನಾನು ಎಲ್ಲಿದ್ದೇನೆಂದು ಸದಾ ಹೇಳುತ್ತಿದ್ದ ಲೊಕೇಶನ್ ಆಫ್ ಮಾಡಿದೆ. ಊರಿನ ವಾಟ್ಸಾಪ್ ಗುಂಪುಗಳಿಂದ ಬೆಳಗಾದರೆ ಶುಭೋದಯದ ಹೂವು, ದೀಪ, ವಿಡಿಯೋ ತಾವಾಗಿಯೇ ಇಳಿದು ಬರುತ್ತಿದ್ದವು, ಅದನ್ನೂ ನಿಲ್ಲಿಸಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ. ರೋಗದ ಬೇರು ಬೇರೆ ಕಡೆ ಇತ್ತು.

ಅದನ್ನು ಕಂಡದ್ದು ಹಂಸಾಬೆನ್ ಎದುರಿಗೆ. ಸಂಜೆ ಅವರ ಹೊರಸಿನ ಮೇಲೆ ಕೂತು, ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಎಂದಿರುವಲ್ಲಿ ಒಳಹೊಕ್ಕೆ. ಯಾವ ಆ್ಯಪ್ ಎಷ್ಟು ತಿಂದಿದೆಯೆಂದು ಅಲ್ಲಿ ಸಾಲಾಗಿ ತೋರಿಸುತ್ತದೆ. ಎಲ್ಲಕ್ಕಿಂತ ಮೇಲೆ ಹೊಲದ ಕ್ಯಾಮರಾ ಇತ್ತು. ಉಳಿದವೆಲ್ಲ ಸೇರಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಹಾಕಿಸುವಾಗ ಅದು ಕೇಳಿದ ಅನುಮತಿಗೆಲ್ಲ ಹೂಂ ಎಂದಿದ್ದೆ. ನಾನು ಮುಚ್ಚಿದರೂ ಅದು ಹಿಂದೆ ಎಚ್ಚರವಾಗೇ ಇತ್ತು. ಗೋವಿನಜೋಳದ ಗರಿ ಗಾಳಿಗೆ ಅಲುಗಿದರೂ, ಕಾಗೆ ಕೂತರೂ, ಏನೋ ಚಲಿಸಿತು ಎಂದು ನನ್ನ ಫೋನನ್ನು ಎಬ್ಬಿಸುತ್ತಿತ್ತು. ಅದರ ಮೇಲೆ ಮಧ್ಯಾಹ್ನವಿಡೀ ನಾನು ನೋಡುತ್ತಿದ್ದೆನಲ್ಲ.

"ಇದೇನು?" ಎಂದು ಹಂಸಾಬೆನ್ ಹಿಂದಿಯಲ್ಲಿ ಕೇಳಿದರು. ಹೆಮ್ಮೆಯಿಂದಲೇ ತೆರೆದು ತೋರಿಸಿದೆ. ನೀಲವ್ವ ಬೇವಿನ ಕೆಳಗೆ ಕಾಲು ಚಾಚಿ ಕೂತು ಕೊರಳ ಬೆವರು ಒರೆಸಿಕೊಳ್ಳುತ್ತಿದ್ದಳು, ಸೆರಗು ಜಾರಿತ್ತು. ಹಂಸಾಬೆನ್ ತಾವು ನೋಡಬಾರದ್ದನ್ನು ನೋಡಿದವರಂತೆ ಮುಖ ಹೊರಳಿಸಿದರು. "ನೀವು ನೋಡುವುದು ಆ ಹೆಂಗಸಿಗೆ ಗೊತ್ತಾ?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಸಿಟ್ಟು ಬಂತು. "ನನ್ನ ಹೊಲ ಅದು" ಎಂದೆ. ಅವರು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವತ್ತೇ ಆ ಆ್ಯಪಿನ ಎಚ್ಚರಿಕೆಗಳನ್ನು ನಿಲ್ಲಿಸಿದೆ, ಹಿಂದೆ ಓಡದಂತೆ ಕಟ್ಟಿಹಾಕಿದೆ. ಫೋನು ಸಂಜೆಯವರೆಗೆ ಬಾಳತೊಡಗಿತು. ಆದರೆ ನಾನು ನೋಡುವುದನ್ನು ಬಿಟ್ಟೆನೇ? ಇಲ್ಲ. ಕಾರಣ ತಿಳಿದ ಮೇಲೆ ಚಾರ್ಜರನ್ನು ಗೋಡೆಗೆ ಸಿಕ್ಕಿಸಿಕೊಂಡೇ ನೋಡುತ್ತಿದ್ದೆ. ಆಗ ಎರಡು ದಿನ ಕ್ಯಾಮರಾ ಕತ್ತಲಾಯಿತು. ನಾನು ತಕ್ಷಣ ನೀಲವ್ವನಿಗೆ ಫೋನು ಹಚ್ಚಿ, ಹೇಗಿದ್ದೀ ಎಂದೂ ಕೇಳದೆ, "ಕ್ಯಾಮರಾ ಯಾಕ ಬಂದ್ ಆಗೇತಿ?" ಎಂದೆ.

"ಮೋಡ ಕವಕೊಂಡೈತವ್ವಾ, ಬಿಸಲ ಇಲ್ಲ. ಆ ಹಲಗಿಗೆ ಬಿಸಲ ಬೀಳಲಾರದ ಚಾರ್ಜ್ ಎಲ್ಲಿಂದ ಆಗತೈತಿ" ಎಂದಳು. ಆಮೇಲೆ ಮೆಲ್ಲಗೆ, "ನಾಳಿಗೆ ಬರತೈತಿ, ತಡಿ" ಎಂದಳು. ಹೇಳಿದಂತೆ ಮರುದಿನ ಬಂತು. ಮೋಡ ಹಾಗೇ ಇತ್ತು, ಕ್ಯಾಮರಾ ಮಾತ್ರ ನಡೆಯುತ್ತಿತ್ತು. ಬೇಕೆಂದೇ ಬಂದ್ ಮಾಡಿದ್ದಳು, ನಾನು ಕೇಳಿದ ಮೇಲೆ ಹಚ್ಚಿದಳು ಎಂದು ನಾನು ಲೆಕ್ಕ ಹಾಕಿದೆ.

ಎಳ್ಳ ಅಮಾವಾಸ್ಯೆ ಬಂತು. ಊರಿನವರಿಗೆ ನಾನು ಹೇಳಬೇಕಿಲ್ಲ. ಬೆಳೆ ಹೊತ್ತ ಭೂಮಿತಾಯಿ ಬಸುರಿಯಾಗಿರುತ್ತಾಳೆ, ಅವಳ ಬಯಕೆಗೆಂದು ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಮೊದಲು ಆ ಅಡುಗೆಯನ್ನೇ ನೆಲಕ್ಕೆ ಚರಗವೆಂದು ಚೆಲ್ಲಿ, ಆಮೇಲೆ ಎಲ್ಲರೂ ಕೂಡಿ ಉಣ್ಣುವ ಹಬ್ಬ. ಇಲ್ಲಿ ಅದರ ಸುಳಿವೂ ಇಲ್ಲ. ನಾನು ಒಂದು ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿದು, ಅದನ್ನು ಎದುರಿಗಿಟ್ಟುಕೊಂಡು ಹೊಲ ನೋಡಲು ಕೂತೆ. ಮಲ್ಲಪ್ಪ ಕೂಗುತ್ತ ಚರಗ ಚೆಲ್ಲುತ್ತಿದ್ದ. ಅವನ ಹಿಂದೆಯೇ ಕ್ಯಾಮರಾ ತಿರುಗಿಸುತ್ತ ಹೋದೆ. ನೀಲವ್ವನ ಮನೆಯವರು, ಅಕ್ಕಪಕ್ಕದ ಹೊಲದವರು ಬೇವಿನ ಕೆಳಗೆ ಸಾಲಾಗಿ ಕೂತರು. ಅಲ್ಲಿಗೆ ತಿರುಗಿಸಿದೆ.

ನೀಲವ್ವ ಎದ್ದಳು. ಒಂದು ತಾಟಿಗೆ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲ ಹಾಕಿಕೊಂಡು ನೆಟ್ಟಗೆ ಕಂಬದ ಬುಡಕ್ಕೆ ಬಂದು, ತಲೆಯೆತ್ತಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಎಂದಳು: "ಲೀಲಾ, ಬಾ ಉಣ್ಣ. ನೋಡ್ಕೋತ ಕುಂತ್ರ ಹೊಟ್ಟಿ ತುಂಬೂದಿಲ್ಲ."

ಹಿಂದೆ ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಹಬ್ಬದ ನಗೆ. ಅವಳು ತಾಟು ಹಿಡಿದು ನಿಂತೇ ಇದ್ದಳು. ಪರದೆಯ ಕೆಳಗೆ ಮೈಕಿನ ಗುರುತು ಇತ್ತು, ಅದನ್ನು ಒತ್ತಿದರೆ ನನ್ನ ದನಿ ಕಂಬದಿಂದ ಕೇಳುತ್ತಿತ್ತು. ಬಂದ್ನಿ ನೋಡವ್ವಾ ಎಂದಿದ್ದರೆ ಸಾಕಿತ್ತು. ನನ್ನ ಬೆರಳು ಅದರ ಮೇಲೆಯೇ ಇತ್ತು. ಒತ್ತಿದರೆ ಇಷ್ಟು ದಿನ ನೋಡಿದ್ದನ್ನೆಲ್ಲ ಒಪ್ಪಿಕೊಂಡಂತಾಗುತ್ತದೆಂದು ಹೆದರಿದೆ. ಆ್ಯಪನ್ನೇ ಮುಚ್ಚಿಬಿಟ್ಟೆ. ರೊಟ್ಟಿಯನ್ನು ಹಾಗೇ ಮುಚ್ಚಿಟ್ಟೆ.

ಸಂಜೆ ಏನೂ ಅರಿಯದವಳಂತೆ ಫೋನು ಮಾಡಿ, "ಚರಗ ಚೆಲ್ಲೂದ ಆತೇನ?" ಎಂದೆ.

"ಆತು" ಎಂದಳು. ಆಮೇಲೆ "ನೀ ನೋಡ್ಲಿಲ್ಲೇನ?" ಎಂದಳು.

"ಇಲ್ಲವ್ವಾ, ಫೋನಿನಾಗ ಚಾರ್ಜ್ ಇರಲಿಲ್ಲ."

"ಹೌದೇನ" ಎಂದಳು. ಅಷ್ಟೇ.

ಹೋಳಿಹುಣ್ಣಿಮೆ ಮುಗಿದ ಮೇಲೆ ಮಲ್ಲಪ್ಪನ ಫೋನು ಬಂತು. "ಅಕ್ಕಾರ, ಯುಗಾದಿಗೆ ಹೊಲಾ ಬಿಡತೇವ್ರಿ. ನೀಲವ್ವನ ಮಾತದು, ನನ್ನ ಕೈಯಾಗ ಇಲ್ರಿ" ಎಂದ. ನಾನು ನೀಲವ್ವನಿಗೆ ಹಚ್ಚಿದರೆ ಅವಳು ಎತ್ತಲಿಲ್ಲ. ಅದೇ ವಾರ ರೈಲು ಹತ್ತಿದೆ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಕಿವಿಗೆ ಬಿದ್ದ ಮಾತೆಲ್ಲ ನನ್ನದೇ ಭಾಷೆ. ಒಬ್ಬ ಮುದುಕಿ "ಸರದ ಕುಂತ್ಕೋ ಯವ್ವಾ" ಎಂದು ಜಾಗ ಕೊಟ್ಟಳು. ಅಳು ಬಂತು. ಯಾವ ಮುಖ ಹೊತ್ತು ಹೋಗುತ್ತಿದ್ದೇನೆಂದು ಆ ಮುದುಕಿಗೆ ಗೊತ್ತಿರಲಿಲ್ಲ.

ನೀಲವ್ವನ ಪಡಸಾಲೆಯಲ್ಲಿ ಗೋಡೆಯ ಗೂಡಿನಲ್ಲಿ ಕ್ಯಾಮರಾ ಇತ್ತು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. "ಪೂರಾ ಚಾರ್ಜ್ ಮಾಡೇನಿ, ಒಯ್ಯಿ" ಎಂದಳು. ಆಗ ಮಲ್ಲಪ್ಪ ಬಾಯಿ ಬಿಟ್ಟ. "ಶ್ರಾವಣದಾಗ ಮೋಡ ಕವದಾಗ, ನೀವು ಫೋನ್ ಹಚ್ಚಿದ ಮ್ಯಾಲ, ದಿನಾ ಸಂಜಿಕ ಇದನ್ನ ಇಳಿಸಿ ಮನಿಗೆ ತಂದು, ಚಾರ್ಜಿಗೆ ಹಚ್ಚಿ, ಮುಂಜೇಲೆ ಮತ್ತ ಏರಿಸಾಕ ಹೇಳತಿದ್ಲರಿ. ಕ್ಯಾಮರಾ ಹಚ್ಚಿ ಹೋದಾವ ಹೇಳಿದ್ದ, ದೂರಿಂದ ಯಾರರ ನೋಡಿದಾಗ ಅದರ ಬ್ಯಾಟ್ರಿ ಜೋರ ಇಳೀತೈತಿ ಅಂತ. ‘ಇಳೀಲಿ, ಅಲ್ಲಿ ಒಬ್ಬಾಕೀನ ಕುಂತ ಆಕಿ ಜೀವ ಹಾರತಿರತೈತಿ’ ಅಂತಿದ್ಲು."

ನನ್ನ ಫೋನಿನ ಚಾರ್ಜು ಉಳಿಸಲು ನಾನು ಪಟ್ಟ ಪಾಡೇನು, ನನ್ನ ಅನುಮಾನದ ಚಾರ್ಜು ತುಂಬಲು ಅವಳು ಪಟ್ಟ ಪಾಡೇನು.

"ನಾ ನೋಡೂದು ನಿನಗ ಗೊತ್ತಿತ್ತೇನ ನೀಲಾ?"

"ಮೊದಲಿಂದ ಗೊತ್ತು. ನೀ ಅಲ್ಲಿ ತಿರುವಿದ್ರ ಅದರ ಕುತ್ತಿಗಿ ಇಲ್ಲಿ ತಿರುಗತೈತಿ, ಕಿರ್ ಅಂತೈತಿ. ಕುರುಡರಿಗೂ ತಿಳೀತೈತಿ. ಬಂದ್ಲ ನಮ್ಮ ಲೀಲಾ ಅಂತ ನಗತಿದ್ವಿ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಇಡೀ ಹೊಲ ನನ್ನನ್ನು ನೋಡುತ್ತಿತ್ತು.

"ಮತ್ತ ಯಾಕ ಬಿಡಾಕತ್ತಿ?"

ಅವಳು ಕ್ಯಾಮರಾದ ಬಟ್ಟೆಯ ಗಂಟನ್ನು ಬಿಗಿ ಮಾಡುತ್ತ ಹೇಳಿದಳು. "ತಾಟ ಹಿಡಕೊಂಡು ಮಂದಿ ಮುಂದ ನಿನ್ನ ಹೆಸರ ಹಿಡದ ಕರದ್ನಿ. ನೀ ಮಾತಾಡಲಿಲ್ಲ. ಹೋಗಲಿ, ಅಳಾಕತ್ತಿರಬೇಕು ಅಂದ್ಕೊಂಡ್ನಿ. ಸಂಜಿಕ ಚಾರ್ಜ್ ಇರಲಿಲ್ಲ ಅಂದಿ. ನೋಡೂದಕ್ಕ ನನಗ ಸಿಟ್ಟಿಲ್ಲ ಲೀಲಾ. ನೋಡಿ, ನೋಡಿಲ್ಲ ಅಂದಿಯಲ್ಲ, ಅದಕ್ಕ. ಅಲ್ಲೀತನಕ ಗೆಳತಿ ನೋಡತಾಳ ಅಂತ ತಿಳದಿದ್ನಿ. ಅವತ್ತ ಗೊತ್ತಾತು, ಹೊಲದವ್ರು, ಅಂದ್ರ ಮಾಲಕರು, ನೋಡಾಕತ್ತಾರ ಅಂತ."

ನಾನು ಅವಳ ಕೈ ಹಿಡಿದು ತಪ್ಪಾಯಿತು ಎಂದೆ. ಮಾವನ ಮಾತಿನಿಂದ ಹಿಡಿದು ಹುಲ್ಲಿನ ಹೊರೆಯ ಅನುಮಾನದವರೆಗೆ ಎಲ್ಲ ಹೇಳಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಒಳಗೆ ಹೋಗಿ ಚಹಾ ತಂದಳು. ಈ ವರ್ಷವೊಂದು ಹೊಲ ಬಿಡಬೇಡ ಎಂದು ಬೇಡಿಕೊಂಡೆ. ಅವಳು ಮಲ್ಲಪ್ಪನ ಕಡೆ ನೋಡಿ, "ಮಾಡೂನು. ಎರಿ ಹೊಲಾ ಒಮ್ಮೆ ಬೀಳ ಬಿದ್ರ ಕರಿಕಿ ನುಂಗತೈತಿ. ಹೊಲದ್ದೇನ ತಪ್ಪೈತಿ" ಎಂದಳು. ತಪ್ಪಿಲ್ಲ ಎಂದದ್ದು ಹೊಲಕ್ಕೆ, ನನಗಲ್ಲ.

ಕ್ಯಾಮರಾ ರಾಜಕೋಟ್‌ಗೆ ನನ್ನ ಜೊತೆ ಬಂತು, ಅಟ್ಟದ ಮೇಲಿದೆ. ಆ್ಯಪನ್ನು ರೈಲಿನಲ್ಲೇ ತೆಗೆದುಹಾಕಿದೆ. ಈಗ ಮಧ್ಯಾಹ್ನ ನಾನೂ ಮಲಗಲು ನೋಡುತ್ತೇನೆ, ಕೆಲವೊಮ್ಮೆ ನಿದ್ದೆ ಬರುತ್ತದೆ. ಎದ್ದಾಗ ಯಾವ ಊರಿನ ಗೋಡೆ ಇದು ಎಂದು ಒಂದು ಗಳಿಗೆ ತಿಳಿಯುವುದಿಲ್ಲ.

ಮಿರಗದ ಮಳೆ, ಅಂದರೆ ಮೃಗಶಿರಾ, ಬಿದ್ದ ಸುದ್ದಿ ತಿಳಿದು ಮೊನ್ನೆ ನೀಲವ್ವನಿಗೆ ಫೋನು ಮಾಡಿದೆ. ಬಿತ್ತಿಗೆ ಆಯಿತೇ ಎಂದು ಕೇಳಿದೆ.

"ಆತ್ರಿ. ಹೆಸರಕಾಳ ಬಿತ್ತೇವ್ರಿ. ಹದಾ ಚಲೋ ಐತ್ರಿ. ನಿಮಗ ಫೋಟೋ ಬೇಕಂದ್ರ ಕಳಸತೇನ್ರಿ."

"ನೀಲಾ, ನನಗ ಯಾವಾಗಿಂದ ರಿ ಅನ್ನಾಕತ್ತಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. "ಹೊಲದವ್ರಿಗೆ ಹಂಗ ಅನ್ನಬೇಕಲ್ರಿ, ಅಕ್ಕಾರ. ಕೆಲಸ ಐತ್ರಿ, ಇಡತೇನ್ರಿ" ಎಂದಳು.

ಅಪ್ಪ ಅವ್ವ ಹೋದ ಮೇಲೆ ಆ ಊರಿನಲ್ಲಿ ನನ್ನನ್ನು ‘ನೀ’ ಎಂದು ಕರೆಯುವವಳು ಅವಳೊಬ್ಬಳೇ ಉಳಿದಿದ್ದಳು. ಈಗ ಅಲ್ಲಿ ನನಗೆ ಹೊಲವಷ್ಟೇ ಇದೆ. ಈ ಊರಿನಲ್ಲಿ ಮನೆಯವರನ್ನು ಬಿಟ್ಟರೆ ಹಾಗೆ ಕರೆಯುವವರು ಇನ್ನೂ ಸಿಕ್ಕಿಲ್ಲ.